ಬಿದ್ದ ಮಗುವಿನ ಪಕ್ಕ ಕೂತು ನೋಡು

ಮೇಘನಾ,

ನಿನಗೆ ಯಳಂದೂರು ಕಡೆಯ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತೆಂದು ನಿನ್ನಮ್ಮ ಫೋನ್ ಮಾಡಿದಳು. ಬಾಡಿಗೆ ಮನೆ, ಗ್ಯಾಸು, ಬಸ್ಸಿನ ಹೊತ್ತು ಎಲ್ಲವನ್ನೂ ಅವಳು ವಿಚಾರಿಸಿಕೊಳ್ಳುತ್ತಾಳೆ, ಅದರ ಚಿಂತೆ ನನಗಿಲ್ಲ. ನನಗಿರುವ ದಿಗಿಲು ಬೇರೆ. ತರಗತಿಯಲ್ಲಿ ಒಂದು ಮಗು ಇದ್ದಕ್ಕಿದ್ದಂತೆ ಬಿದ್ದುಬಿಟ್ಟರೆ ನೀನೇನು ಮಾಡುತ್ತೀ ಪುಟ್ಟಿ?

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಪ್ರಾರ್ಥನೆಯ ಸಾಲಿನಲ್ಲೇ ಒಬ್ಬಳು ಹುಡುಗಿ ಸೆಟೆದು ಬಿದ್ದಳು. ಕೈಕಾಲು ಅದುರಿತು, ಬಾಯಲ್ಲಿ ನೊರೆ ಬಂತು. ಒಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು, ಇನ್ನೊಬ್ಬರು ಚಪ್ಪಲಿ ಮೂಸಿಸಿದರು, ಅಡುಗೆಯವರು ಹಲ್ಲಿನ ನಡುವೆ ಚಮಚ ತುರುಕಲು ನೋಡಿದರು. ಬೀರುವಿನ ಕೀಲಿಗೊಂಚಲು ತಂದು ಅವಳ ಮುಷ್ಟಿಯಲ್ಲಿಟ್ಟವಳು ನಾನೇ. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ್ದು ಬೇರೆಯೇ: ಎಷ್ಟು ಹೊತ್ತು ಇತ್ತು? ಮೊದಲು ಅದುರಿದ್ದು ಯಾವ ಕೈ? ಕತ್ತು ಯಾವ ಕಡೆಗೆ ತಿರುಗಿತ್ತು? ಬೀಳುವ ಮುಂಚೆ ಮುಖ ಬಿಳಿಚಿಕೊಂಡಿತ್ತೇ? ಅಷ್ಟು ಜನ ಸುತ್ತ ನಿಂತಿದ್ದೆವು. ಒಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ಬಿದ್ದವರಿಗಂತೂ ಏನೂ ನೆನಪಿರುವುದಿಲ್ಲ. ಇದು ಫಿಟ್ಸೋ ಬರೀ ಬವಳಿಯೋ ಎಂದು ಡಾಕ್ಟರು ತೀರ್ಮಾನಿಸುವುದು ಬಹುಪಾಲು ನೋಡಿದವರ ಮಾತಿನ ಮೇಲೆ.

ಅದಕ್ಕೇ ಹೇಳುತ್ತೇನೆ, ಓಡಾಡಬೇಡ, ಪಕ್ಕದಲ್ಲಿ ಕೂತು ನೋಡು. ಮೊದಲು ಗಡಿಯಾರ ನೋಡು. ಆಮೇಲೆ ಸುತ್ತಲಿನ ಬೆಂಚು, ಕಲ್ಲುಗಳನ್ನು ಸರಿಸಿ, ತಲೆಯ ಕೆಳಗೆ ನಿನ್ನ ದುಪಟ್ಟಾ ಮಡಿಸಿಡು. ಅದುರುವ ಕೈಕಾಲನ್ನು ಅದುಮಿ ಹಿಡಿಯಬೇಡ. ಬಾಯಿಗೆ ಏನನ್ನೂ ಹಾಕಬೇಡ, ನೀರನ್ನೂ ಕೂಡ. ನಾಲಗೆ ನುಂಗಿಕೊಳ್ಳುತ್ತಾರೆ ಎನ್ನುವುದು ಸುಳ್ಳು. ಚಮಚ ತುರುಕಿದರೆ ಹಲ್ಲು ಮುರಿಯುತ್ತದೆ, ಉಸಿರು ಕಟ್ಟುತ್ತದೆ. ಆದಷ್ಟು ಬೇಗ ಮಗ್ಗುಲಿಗೆ ಹೊರಳಿಸು, ಜೊಲ್ಲು ಹೊರಗೆ ಹರಿದುಹೋಗಲಿ. ಹೆಚ್ಚಿನ ಫಿಟ್ಸ್ ಎರಡು ಮೂರು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ, ಆದರೆ ಆ ಹೊತ್ತು ನಿನಗೆ ಒಂದು ಪೀರಿಯಡ್ಡಿನಷ್ಟು ಉದ್ದ ಅನ್ನಿಸುತ್ತದೆ. ಗಡಿಯಾರ ಬೇಕಾಗುವುದು ಇದಕ್ಕೇ. 5 ನಿಮಿಷ ಆದರೂ ನಿಲ್ಲದಿದ್ದರೆ, ಎಚ್ಚರಾಗುವ ಮೊದಲೇ ಮತ್ತೊಮ್ಮೆ ಬಂದರೆ, ತಲೆಗೆ ಪೆಟ್ಟಾಗಿದ್ದರೆ, ಅಥವಾ ಆ ಮಗುವಿಗೆ ಇದೇ ಮೊದಲ ಸಲವಾದರೆ 108ಕ್ಕೆ ಫೋನ್ ಮಾಡಿಸು. ನಿಂತಮೇಲೂ ಮಗು ಸ್ವಲ್ಪ ಹೊತ್ತು ಮಂಕಾಗಿರುತ್ತದೆ, ನಿನ್ನ ಗುರುತೂ ಹತ್ತದಿರಬಹುದು. ಗದರಿಸದೆ ಹೆಸರು ಹಿಡಿದು ಮಾತಾಡಿಸು. ಬಟ್ಟೆ ಒದ್ದೆಯಾಗಿದ್ದರೆ ಉಳಿದ ಮಕ್ಕಳನ್ನು ಆಚೆ ಕಳಿಸು.

ಬರೀ ತಲೆ ತಿರುಗಿ ಬೀಳುವುದು ಇನ್ನೊಂದು ಬಗೆ. ಬೆಳಿಗ್ಗೆ ಏನೂ ತಿನ್ನದೆ ಬಂದು ಬಿಸಿಲಲ್ಲಿ ನಿಂತ ಮಕ್ಕಳಿಗೆ, ರಕ್ತ ನೋಡಿದವರಿಗೆ, ಸೂಜಿಗೆ ಹೆದರಿದವರಿಗೆ ಹೀಗಾಗುತ್ತದೆ. ಮುಖ ಬಿಳಿಚಿ, ಬೆವರು ಕಿತ್ತು, ಕಣ್ಣು ಕತ್ತಲೆ ಬಂದು ಮೆಲ್ಲಗೆ ಕುಸಿಯುತ್ತಾರೆ. ಮಿದುಳಿಗೆ ರಕ್ತ ಅರೆಗಳಿಗೆ ಕಡಿಮೆಯಾಗಿರುತ್ತದೆ, ಅಷ್ಟೆ. ಮಲಗಿಸಿ ಕಾಲು ಎತ್ತಿ ಹಿಡಿದರೆ ಬೇಗ ಚೇತರಿಸಿಕೊಂಡು ನೇರವಾಗಿ ಮಾತಾಡುತ್ತಾರೆ. ಇದರಲ್ಲೂ ಕೆಲವು ಸೆಕೆಂಡು ಕೈಕಾಲು ಅದುರಬಹುದು, ಅದನ್ನು ಕಂಡು ಫಿಟ್ಸ್ ಎಂದು ಹಣೆಪಟ್ಟಿ ಹಚ್ಚಬೇಡ. ಆದರೆ ಓಡುವಾಗ, ಖೋ ಖೋ ಆಡುವಾಗ ಯಾವ ಸೂಚನೆಯೂ ಇಲ್ಲದೆ ಬಿದ್ದ ಮಗುವನ್ನು ಮಾತ್ರ ಹಗುರವಾಗಿ ಎಣಿಸಬೇಡ. ಅದು ಹೃದಯದ ತೊಂದರೆ ಇರಬಹುದು, ಇಸಿಜಿ ಮಾಡಿಸಲೇಬೇಕು.

ಬೀಳದೇ ಬರುವ ಫಿಟ್ಸ್ ಕೂಡ ಇದೆ. ಪಾಠದ ನಡುವೆ ಮಗು ಐದು ಹತ್ತು ಸೆಕೆಂಡು ಶೂನ್ಯ ನೋಡುತ್ತದೆ, ರೆಪ್ಪೆ ಪಟಪಟಿಸುತ್ತದೆ, ಮತ್ತೆ ಏನೂ ಆಗದಂತೆ ಬರೆಯತೊಡಗುತ್ತದೆ. ದಿನಕ್ಕೆ ಎಷ್ಟೋ ಸಲ ಹೀಗಾಗಬಹುದು. ಇಂಥ ಮಕ್ಕಳು ‘ಗಮನವಿಲ್ಲ’ ಎಂದು ಬೈಸಿಕೊಳ್ಳುತ್ತಾ ಹಿಂದಿನ ಬೆಂಚು ಸೇರುತ್ತವೆ. ಬೈಯುವ ಮುಂಚೆ ಹೆಗಲು ಮುಟ್ಟಿ ಕರೆದು ನೋಡು. ಮುಟ್ಟಿದರೂ ತಿರುಗದಿದ್ದರೆ ಮನೆಯವರನ್ನು ಕರೆಸು.

ನೀನು ಹೋಗುತ್ತಿರುವ ಸೀಮೆಯದೇ ಒಂದು ವಿಷಯ ಹೇಳಬೇಕು. ಡಾ. ಕೆ.ಎಸ್. ಮಣಿ ಅವರ ತಂಡ ಯಳಂದೂರು ತಾಲ್ಲೂಕಿನ ಹಳ್ಳಿಗಳಲ್ಲೇ ಮನೆಮನೆಗೆ ಹೋಗಿ ಮೂರ್ಛೆರೋಗದ, ಅಂದರೆ ಈ ಫಿಟ್ಸಿನ, ಸಮೀಕ್ಷೆ ಮಾಡಿತ್ತು. ಅದರಲ್ಲೂ ತಲೆಗೆ ಬಿಸಿನೀರು ಎರೆದುಕೊಳ್ಳುವಾಗ ಬರುವ ಫಿಟ್ಸ್ ನಮ್ಮ ಈ ದಕ್ಷಿಣದ ಜಿಲ್ಲೆಗಳಲ್ಲಿ ಬೇರೆಡೆಗಿಂತ ಹೆಚ್ಚು. ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ ಇಂಥ 279 ಜನರ ವಿವರ ಪ್ರಕಟಿಸಿದ್ದರು. ಹಂಡೆಯ ಸುಡುನೀರನ್ನು ತಂಬಿಗೆಯಿಂದ ಬಿಡದೆ ತಲೆಗೆ ಹುಯ್ಯುವುದೇ ಕೆಲವರಿಗೆ ಆಗದು. ಇನ್ನು ಕೆಲವರಿಗೆ ಹುಯ್ದುಕೊಂಡಷ್ಟೂ ಹಿತವೆನಿಸಿ ಕೈ ನಿಲ್ಲುವುದೇ ಇಲ್ಲ. ‘ತಲೆಗೆ ಎರೆದ ದಿನ ಮೈಮೇಲೆ ಬರುತ್ತದೆ’ ಎಂದು ಯಾರಾದರೂ ತಾಯಿ ಹೇಳಿದರೆ ನಗಬೇಡ, ಅವಳು ಸರಿಯಾಗಿಯೇ ನೋಡಿದ್ದಾಳೆ. ನೀರು ಉಗುರುಬೆಚ್ಚಗಿರಲಿ, ಬಚ್ಚಲಿನ ಅಗುಳಿ ಹಾಕದಿರಲಿ, ಡಾಕ್ಟರಿಗೆ ತೋರಿಸಲಿ ಎಂದು ಹೇಳು. ಸ್ನಾನಕ್ಕೆ ಮುಂಚೆ ತೆಗೆದುಕೊಳ್ಳುವ ಮಾತ್ರೆಯೂ ಇದೆ, ಅದು ಯಾರಿಗೆ ಬೇಕೆಂದು ಡಾಕ್ಟರೇ ನಿರ್ಧರಿಸುತ್ತಾರೆ.

ಮಾತ್ರೆ ಸರಿಯಾಗಿ ನುಂಗಿದರೆ ಹತ್ತರಲ್ಲಿ ಏಳು ಜನರಿಗೆ ಫಿಟ್ಸ್ ಹತೋಟಿಗೆ ಬರಬಲ್ಲದು. ಆರು ತಿಂಗಳು ಬರಲಿಲ್ಲವೆಂದು ತಾವೇ ನಿಲ್ಲಿಸಿಬಿಡುವುದು, ನಿದ್ದೆಗೆಡುವುದು, ಇವೇ ಫಿಟ್ಸನ್ನು ಮತ್ತೆ ತಂದಿಡುತ್ತವೆ. ಹೆಣ್ಣುಮಕ್ಕಳ ಮನೆಯಲ್ಲಂತೂ ಮಾತ್ರೆಯನ್ನೇ ಬಚ್ಚಿಡುತ್ತಾರೆ, ನಾಳೆ ಮದುವೆಗೆ ಅಡ್ಡಿಯಾದೀತೆಂದು. ಮೂರ್ಛೆರೋಗದ ಹೆಸರಿನಲ್ಲಿ ಮದುವೆ ರದ್ದುಮಾಡಿಸಬಹುದಾಗಿದ್ದ ಕಾನೂನು 1999ರಲ್ಲೇ ತಿದ್ದುಪಡಿಯಾಗಿದೆ. ಆ ತಾಯಂದಿರಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ನೀನು ಹೇಳು.

ಒಂದು ನೋಟುಬುಕ್ಕು ಇಟ್ಟುಕೋ. ಯಾವ ಮಗು, ಎಷ್ಟು ಹೊತ್ತಿಗೆ, ಬೀಳುವ ಮುಂಚೆ ಏನು ಮಾಡುತ್ತಿತ್ತು, ಎಷ್ಟು ನಿಮಿಷ, ಎದ್ದಮೇಲೆ ಹೇಗಿತ್ತು, ಎಲ್ಲವನ್ನೂ ಅದೇ ದಿನ ಬರೆದಿಡು. ಮನೆಯವರು ಒಪ್ಪಿದರೆ ಜೊತೆಯವರ ಕೈಲಿ ಮೊಬೈಲಿನಲ್ಲಿ ವೀಡಿಯೊ ತೆಗೆಸು, ಡಾಕ್ಟರಿಗಲ್ಲದೆ ಬೇರೆ ಯಾರಿಗೂ ಕಳಿಸಬೇಡ.

ಅಲ್ಲಿಗೆ ಹೋದ ಮೊದಲ ವಾರದಲ್ಲೇ ನಿನ್ನ ಶಾಲೆಗೆ ಹತ್ತಿರದ ಆಸ್ಪತ್ರೆ ಯಾವುದು, ಮಾತ್ರೆ ನುಂಗುವ ಮಕ್ಕಳು ಯಾರಾದರೂ ಇದ್ದಾರೆಯೇ ಎಂದು ಹಳೆಯ ಮೇಷ್ಟ್ರನ್ನು ಕೇಳಿ ತಿಳಿದುಕೊಂಡು ನನಗೆ ಬರೆ. ಬೆಳಿಗ್ಗೆ ನೀನೂ ಬರಿಹೊಟ್ಟೆಯಲ್ಲಿ ಬಸ್ಸು ಹತ್ತಬೇಡ.

ನಿನ್ನ ಪ್ರೀತಿಯ
ದೊಡ್ಡಮ್ಮ