ಎರಡು ತಾಸಿಗೊಮ್ಮೆ

ನನ್ನ ಮೊಮ್ಮಗಳು ಹುಟ್ಟಿದಾಗ 1,240 ಗ್ರಾಂ ಇದ್ದಳು. ಮೂವತ್ತನೆಯ ವಾರಕ್ಕೇ ಹೆರಿಗೆ. ಅಷ್ಟು ಬೇಗ ಬಂದ ಕೂಸಿಗೆ ಹಾಲು ಹೀರಲು ಬಾರದು, ಮೈಯ ಕಾವು ಹಿಡಿದಿಟ್ಟುಕೊಳ್ಳಲು ಬಾರದು, ನಿದ್ದೆಯಲ್ಲಿ ಉಸಿರಾಡುವುದೇ ನಿಂತುಬಿಡುತ್ತದೆ. ಅದು ಹೇಗೆ ಬದುಕಿತು ಎಂದು ಕೇಳಿದವರಿಗೆ ನಮ್ಮ ಮನೆಯವರು ದೇವರ ಕಡೆ ಕೈ ಮಾಡುತ್ತಾರೆ, ಅಳಿಯ ಯಂತ್ರಗಳ ಹೆಸರು ಹೇಳುತ್ತಾನೆ. ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕದ ಒಳಗೂ ಹೊರಗೂ ಐದಾರು ವಾರ ಕೂತಿದ್ದ ನನಗೆ ನೆನಪಾಗುವುದು ಕೈಗಳು. ಹೊತ್ತಿಗೆ ಸರಿಯಾಗಿ, ನಡುರಾತ್ರಿಯಲ್ಲೂ, ಅದೇ ಸಣ್ಣ ಕೆಲಸವನ್ನು ಅಷ್ಟೇ ಎಚ್ಚರದಿಂದ ಮತ್ತೆ ಮತ್ತೆ ಮಾಡಿದ ಕೈಗಳು.

ಅವುಗಳಲ್ಲಿ ಮೊದಲನೆಯದು ಆ ಆಸ್ಪತ್ರೆಯದ್ದೂ ಅಲ್ಲ. ಮಗಳಿಗೆ ನೋವು ಕಾಣಿಸಿಕೊಂಡ ರಾತ್ರಿ ನಾವು ಓಡಿದ್ದು ತಾಲ್ಲೂಕು ಆಸ್ಪತ್ರೆಗೆ. ಜಿಲ್ಲಾ ಆಸ್ಪತ್ರೆಗೇ ಹೋಗಬೇಕು ಎಂದು ವೈದ್ಯರು ಹೇಳಿ 108ಕ್ಕೆ ಫೋನ್ ಮಾಡಿಸಿದರು. ಗಾಡಿ ಬರುವಷ್ಟರಲ್ಲಿ ಅಲ್ಲಿನ ಸಿಸ್ಟರ್ ಮಗಳಿಗೆ ಡೆಕ್ಸಾಮೆಥಾಸೋನ್ ಇಂಜೆಕ್ಷನ್ ಕೊಟ್ಟರು. ಕೊಟ್ಟ ಹೊತ್ತನ್ನು ರೆಫರಲ್ ಚೀಟಿಯ ಮೇಲೆ ದಪ್ಪಕ್ಷರದಲ್ಲಿ ಬರೆದು ನನ್ನ ಕೈಯಲ್ಲಿಟ್ಟು, “ಅಲ್ಲಿ ಹೋದ ಕೂಡ್ಲೇ ಇದನ್ನ ತೋರಸ್ರಿ ಅಕ್ಕಾರ, ಮುಂದಿನ ಡೋಸ್ ಹನ್ನೆರಡು ತಾಸಿಗೆ” ಅಂದರು. ಹೊಟ್ಟೆಯಲ್ಲಿರುವ ಮಗುವಿನ ಶ್ವಾಸಕೋಶ ಬೇಗ ಬಲಿಯಲಿ ಎಂದು ತಾಯಿಗೆ ಕೊಡುವ ಔಷಧಿ ಅದು. ಇಂಥ ಸ್ಟೀರಾಯ್ಡ್ ಅವಧಿಪೂರ್ವ ಶಿಶುಗಳ ಜೀವ ಉಳಿಸುತ್ತದೆ ಎಂದು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ ಎಂಬ ವೈದ್ಯರು 1972ರಲ್ಲೇ ತೋರಿಸಿದ್ದರು. ಆದರೆ ಆ ತಿಳಿವಳಿಕೆ ನನ್ನ ಮಗಳವರೆಗೆ ಬಂದು ಮುಟ್ಟಿದ್ದು ಒಬ್ಬ ಸಿಸ್ಟರ್ ಗಡಿಯಾರ ನೋಡಿ ಚೀಟಿ ಬರೆದದ್ದರಿಂದ. ಹೆರಿಗೆ ಆದದ್ದು ಮರುದಿನ ರಾತ್ರಿ. ಆಮೇಲೆ ನಾನು ಆ ಸಿಸ್ಟರನ್ನು ನೋಡಿಲ್ಲ.

ಎಸ್‌ಎನ್‌ಸಿಯು ಎಂದು ಎಲ್ಲರೂ ಕರೆಯುವ ಈ ನವಜಾತ ಶಿಶು ಘಟಕಗಳು ಮೊದಲು ದೊಡ್ಡ ಊರುಗಳ ಭಾಗ್ಯವಾಗಿದ್ದವು. ಜಿಲ್ಲಾ ಆಸ್ಪತ್ರೆಯಲ್ಲೂ ಇಂಥದ್ದನ್ನು ನಡೆಸಬಹುದು ಎಂದು ಪಶ್ಚಿಮ ಬಂಗಾಳದ ಪುರುಲಿಯಾ 2003ರಲ್ಲಿ ಮಾಡಿ ತೋರಿಸಿತು. ಆಮೇಲೆ ದೇಶದ ಉದ್ದಗಲಕ್ಕೂ ಬಂದವು. ನಮ್ಮಂಥವರು ಬೆಂಗಳೂರಿಗೋ ಹುಬ್ಬಳ್ಳಿಗೋ ಓಡದೆ, ಮನೆ ಮಾರದೆ ಕೂಸನ್ನು ಉಳಿಸಿಕೊಳ್ಳುವುದು ಸಾಧ್ಯವಾದದ್ದು ಇದರಿಂದ. ಅಲ್ಲಿ ಒಂದು ರೂಪಾಯಿ ಬಿಲ್ ಆಗಲಿಲ್ಲ ಎಂಬುದನ್ನೂ ಬರೆಯಲೇಬೇಕು.

ಒಳಗೆ ಹೋಗುವ ಬಾಗಿಲಲ್ಲಿ ಒಂದು ತೊಟ್ಟಿ, ಮೊಣಕೈಯಿಂದ ತಿರುಗಿಸುವ ನಲ್ಲಿ. ಅಲ್ಲಿ ಗ್ರೂಪ್ ಡಿ ನೌಕರಿಯ ಒಬ್ಬ ಹೆಣ್ಣುಮಗಳು ಇರುತ್ತಿದ್ದಳು. ನೆಲ ಒರೆಸುವುದು, ಗೌನು ಎಣಿಸುವುದು, ಹಳದಿ ಡಬ್ಬಿ ಕೆಂಪು ಡಬ್ಬಿ ತುಂಬಿದಾಗ ಚೀಲ ಬದಲಿಸುವುದು ಅವಳ ಕೆಲಸ. ಆದರೆ ಕೈ ತೊಳೆಯದೆ ಒಬ್ಬರನ್ನೂ ಒಳಗೆ ಬಿಡದಿರುವುದನ್ನು ಅವಳು ತಾನೇ ಹೊತ್ತುಕೊಂಡಿದ್ದಳು. ಬಳೆ, ಉಂಗುರ, ಗಡಿಯಾರ ತೆಗೆಯಬೇಕು. ಅಂಗೈ, ಕೈಯ ಹಿಂಭಾಗ, ಬೆರಳ ಸಂದಿ, ಹೆಬ್ಬೆರಳು, ಉಗುರಿನ ತುದಿ, ಮಣಿಕಟ್ಟು, ಹೀಗೆ ಒಂದೊಂದಾಗಿ. “ಯವ್ವಾ, ಹೆಬ್ಬೆಟ್ಟು ಬಿಟ್ಟೀ, ಮತ್ತ ತೊಳಿ” ಎನ್ನುವಳು. ಒಮ್ಮೆ ರೌಂಡ್ಸಿಗೆ ಅವಸರದಲ್ಲಿ ಬಂದ ಹೊಸ ಡಾಕ್ಟರಿಗೂ ಹಾಗೇ ಹೇಳಿದಳು. ಅವರು ತಿರುಗಿ ಬಂದು ತೊಳೆದರು. ಒಂದೂಕಾಲು ಕಿಲೋ ಕೂಸಿಗೆ ನಂಜು ತಗುಲಿದರೆ ಅದನ್ನು ಉಳಿಸುವುದು ಬಲು ಕಷ್ಟ. ಆ ಬಾಗಿಲಲ್ಲಿ ನಿಂತವಳಿಗೆ ಅದು ಗೊತ್ತಿತ್ತು. ನೆಲ ಒರೆಸುವವಳ ಮಾತನ್ನು ವೈದ್ಯರು ಕೇಳುವ ಕಡೆ ರೋಗಿ ಸುರಕ್ಷಿತ ಎಂದು ನಾನು ನಂಬಿದ್ದು ಅಂದಿನಿಂದ.

ಮೊದಲ ವಾರ ಕೂಸಿನ ಮೂಗಿಗೆ ಉಸಿರಿಗೆ ನೆರವಾಗುವ ಸಿಪ್ಯಾಪ್ ನಳಿಕೆ, ಬಾಯಿಂದ ಹೊಟ್ಟೆಗೆ ಎಳೆಯಷ್ಟು ಸಣ್ಣ ಟ್ಯೂಬ್, ಪಾದಕ್ಕೆ ಆಕ್ಸಿಜನ್ ಅಳೆಯುವ ಕೆಂಪು ದೀಪ. ಮಗಳು ಹಿಂಡಿ ಕಳಿಸುತ್ತಿದ್ದ ಹಾಲು ಎರಡು ತಾಸಿಗೊಮ್ಮೆ ಎರಡು ಮಿಲಿಲೀಟರ್. ಹೆದರಿದ ತಾಯಿಗೆ ಹಾಲು ಇಳಿಯುವುದಿಲ್ಲ. ಮೊದಲ ದಿನ ಅವಳಿಗೆ ಬಂದದ್ದು ನಾಲ್ಕೇ ಹನಿ. ಅದನ್ನು ಕಂಡು ಅತ್ತಳು. ಸಿಸ್ಟರ್ ಆ ನಾಲ್ಕು ಹನಿಯನ್ನು ಸಿರಿಂಜಿಗೆ ಎಳೆದುಕೊಂಡು, “ಇದು ಬಂಗಾರ ಐತಿ, ಚೆಲ್ಲಬ್ಯಾಡ” ಎಂದು ಕೂಸಿನ ಕೆನ್ನೆಯ ಒಳಗೆ ಸವರಿ, ಸವರುವುದನ್ನು ಅವಳಿಗೆ ತೋರಿಸಿದರು. ಮರುದಿನ ಹತ್ತು ಹನಿ. ವಾರ ಕಳೆಯುವಷ್ಟರಲ್ಲಿ ಬಟ್ಟಲು. ಹಾಲಿಗಿಂತ ಮೊದಲು ಅವರು ನನ್ನ ಮಗಳಿಗೆ ಧೈರ್ಯ ಇಳಿಸಿದರು.

ರಾತ್ರಿ ಪಾಳಿಯ ಬಗ್ಗೆ ಬರೆಯದಿದ್ದರೆ ಏನೂ ಬರೆದಂತಾಗದು. ಒಬ್ಬ ಸಿಸ್ಟರಿಗೆ ಐದಾರು ಮಕ್ಕಳು. ಕೂಸು ಉಸಿರು ನಿಲ್ಲಿಸಿದರೆ ಮಾನಿಟರ್ ಕೂಗುತ್ತದೆ, ನಿಜ. ಕೂಗಿದ ಮೇಲೆ ಯಾರಾದರೂ ಎದ್ದು ಹೋಗಬೇಕಲ್ಲ? ಗಾಜಿನ ಈಚೆ ಕೂತು ನಾನು ನೋಡುತ್ತಿದ್ದೆ: ಕೂಗು ಎರಡನೇ ಸಲ ಆಗುವ ಮೊದಲೇ ಸಿಸ್ಟರ್ ಅಲ್ಲಿರುತ್ತಿದ್ದರು. ಯಂತ್ರದ ಗುಂಡಿಗೆ ಕೈ ಹಾಕುತ್ತಿರಲಿಲ್ಲ, ಮೊದಲು ಕೂಸಿನ ಮುಖ, ಬಣ್ಣ, ಎದೆ. ಅಂಗಾಲಿಗೆ ಬೆರಳಿಂದ ಮೆಲ್ಲಗೆ ತಟ್ಟಿದರೆ ಹೆಚ್ಚಿನ ಸಲ ಕೂಸು ನೆನಪಾದಂತೆ ಉಸಿರೆಳೆಯುತ್ತಿತ್ತು. ಆಮೇಲೆ ಕೇಸ್ ಶೀಟಿನಲ್ಲಿ ಹೊತ್ತು, ಎಷ್ಟು ಸೆಕೆಂಡು, ಏನು ಮಾಡಿದೆ ಎಂಬ ಬರಹ. ಬೆಳಗ್ಗೆ ಡಾಕ್ಟರ್ ಮೊದಲು ಓದುತ್ತಿದ್ದುದು ಆ ಬರಹವನ್ನು. ಔಷಧಿ ಬದಲಾಗುತ್ತಿದ್ದುದು ಅದರ ಮೇಲೆ. ಮೂವತ್ತು ವರ್ಷ ಶಾಲೆಯಲ್ಲಿ ಹಾಜರಿ ಬರೆದ ನಾನು ದಾಖಲೆಯೊಂದು ಜೀವ ಕಾಯುವುದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಪಕ್ಕದ ವಾರ್ಮರಿನ ಕೂಸು ಉಳಿಯಲಿಲ್ಲ. ಅದು ನಮ್ಮ ಮಗುವಿಗಿಂತಲೂ ಸಣ್ಣದು. ಬೆಳಗಿನ ಜಾವ ಇನ್ನು ಏನೂ ಮಾಡಲಾಗದು ಎಂದಾದಾಗ ಡಾಕ್ಟರ್ ಹೊರಗೆ ಬಂದು ನಿಂತುಕೊಂಡೇ ಹೇಳಿ ಹೋಗಲಿಲ್ಲ. ಆ ತಾಯಿಯ ಎದುರು ಸ್ಟೂಲು ಎಳೆದು ಕೂತರು. ಸಿಸ್ಟರ್ ಒಳಗೆ ಹೋಗಿ ಒಂದೊಂದೇ ನಳಿಕೆ ತೆಗೆದು, ಅಂಟಿನ ಕಲೆಗಳನ್ನು ಬಿಸಿನೀರಿನ ಹತ್ತಿಯಿಂದ ಒರೆಸಿ, ತಾಯಿ ತಂದಿಟ್ಟಿದ್ದ ಕುಲಾವಿ ತೊಡಿಸಿ, ಪರದೆ ಎಳೆದು ಅವಳ ತೋಳಿಗೆ ಕೊಟ್ಟರು. ಅವಳು ಕೂಸನ್ನು ಮೊದಲ ಸಲ ಎತ್ತಿಕೊಂಡದ್ದು ಆಗಲೇ. ಯಾರೂ ಅವಸರ ಮಾಡಲಿಲ್ಲ. ನಾಲ್ಕು ಗಂಟೆಯ ಹಾಲಿನ ಹೊತ್ತಾಗಿತ್ತು. ಅದೇ ಸಿಸ್ಟರ್ ಮುಖ ತೊಳೆದು ಬಂದು, ಕೈ ತೊಳೆದು, ನಮ್ಮ ಕೂಸಿಗೆ ಸಿರಿಂಜು ಎತ್ತಿ ಹಿಡಿದರು. ಗುಣವಾಗಿ ಹೋದವರ ಲೆಕ್ಕದಿಂದಲೇ ಆಸ್ಪತ್ರೆಯನ್ನು ಅಳೆಯುತ್ತೇವೆ. ಗುಣವಾಗದೆ ಹೋದವರನ್ನು ಅದು ಹೇಗೆ ಕಳಿಸಿಕೊಟ್ಟಿತು ಎಂಬುದನ್ನೂ ಅಳೆಯಬೇಕು.

ಮುಂದಿನ ವಾರಗಳು ಕಾಂಗರೂ ಆರೈಕೆಯವು, ಅಂದರೆ ಕೂಸನ್ನು ಬರಿ ಎದೆಯ ಮೇಲೆ ಇಟ್ಟುಕೊಳ್ಳುವುದು. ಸಿಸ್ಟರುಗಳು ಕೆಎಂಸಿ ಎನ್ನುತ್ತಿದ್ದರು. ಇನ್‌ಕ್ಯುಬೇಟರುಗಳು ಸಾಲದೆ ಒಂದರಲ್ಲೇ ಹಲವು ಮಕ್ಕಳನ್ನು ಮಲಗಿಸುತ್ತಿದ್ದ ಕೊಲಂಬಿಯಾದ ಬೊಗೊಟಾದಲ್ಲಿ ಎಡ್ಗರ್ ರೇ ಎಂಬ ವೈದ್ಯರು 1978ರಲ್ಲಿ ಇದನ್ನು ಶುರುಮಾಡಿದರು. ಬಡತನದ ಉಪಾಯ ಎಂದುಕೊಂಡಿದ್ದದ್ದು ಈಗ ಎಲ್ಲರ ವಿಧಾನ. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಇದನ್ನು ಆರಂಭಿಸಿದ ಕಡಿಮೆ ತೂಕದ ಶಿಶುಗಳ ಸಾವು ಸುಮಾರು ಕಾಲುಭಾಗ ಇಳಿದಿತ್ತು. ದಿನಕ್ಕೆ ಎಂಟರಿಂದ ಇಪ್ಪತ್ನಾಲ್ಕು ತಾಸು ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ನಮ್ಮ ರಾಜ್ಯದ ಕೊಪ್ಪಳ ಜಿಲ್ಲೆಯಲ್ಲೂ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಆರೋಗ್ಯ ಇಲಾಖೆಯ ಜೊತೆ ಸೇರಿ ಇದನ್ನು ಆಸ್ಪತ್ರೆಯಿಂದ ಮನೆಯವರೆಗೆ ಒಯ್ಯುವ ಕೆಲಸ ಮಾಡಿದೆ.

ಮಾಡುವುದು ಸರಳ. ಕೂಸಿಗೆ ಟೊಪ್ಪಿಗೆ, ಕಾಲುಚೀಲ, ಲಂಗೋಟಿ ಮಾತ್ರ. ಕೈಕಾಲುಗಳನ್ನು ಕಪ್ಪೆಯ ಹಾಗೆ ಮಡಚಿ, ತಾಯಿಯ ಬರಿ ಎದೆಯ ಮೇಲೆ ನೆಟ್ಟಗೆ ಇಟ್ಟು, ಕತ್ತು ಒಂದು ಪಕ್ಕಕ್ಕೆ ಹೊರಳಿಸಿ ಬಟ್ಟೆ ಕಟ್ಟುವುದು. ಆದರೆ ಹೊಲಿಗೆ ಹಾಕಿದ ಹೊಟ್ಟೆಯ ಬಾಣಂತಿ ಎಂಟು ತಾಸು ಹಾಗೆ ಕೂರುವುದು ಹೇಗೆ? ಸಿಸ್ಟರ್ ನಮ್ಮ ಕಡೆ ತಿರುಗಿದರು. “ಅಜ್ಜಿ, ನೀವೂ ಬರ್ರಿ. ಅಣ್ಣಾ, ಅಂಗಿ ತಗೀರಿ.” ಅಳಿಯ ನಾಚಿ ಗೋಡೆ ನೋಡಿದ. ನಮ್ಮಲ್ಲಿ ಗಂಡಸು ಹಸಿ ಕೂಸನ್ನು ಮುಟ್ಟುವುದೇ ಕಡಿಮೆ. ಸಿಸ್ಟರ್ ಗದರಲಿಲ್ಲ, ನಗಲಿಲ್ಲ. ಅವನ ಕೈ ಹಿಡಿದು ಕೂಸಿನ ಬೆನ್ನಿನ ಮೇಲೆ ಇಟ್ಟು, “ಮಾನಿಟರ್ ನೋಡ್ರಿ” ಅಂದರು. ಸ್ವಲ್ಪ ಹೊತ್ತಿಗೆ ಕೂಸಿನ ಎದೆಬಡಿತ ಸ್ಥಿರವಾದದ್ದು ಅಂಕಿಯಲ್ಲೇ ಕಂಡಿತು. ಅವನು ಅಂದಿನಿಂದ ಸಂಜೆಯ ಪಾಳಿಯನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ನನ್ನ ಎದೆಯ ಮೇಲೂ ಅವಳು ಮಲಗಿದ್ದಳು, ಮಧ್ಯಾಹ್ನದ ಹೊತ್ತು. ನಮ್ಮನ್ನು ಹೊರಗೆ ಕಾಯುವ ಜನರೆಂದು ನೋಡದೆ ಚಿಕಿತ್ಸೆಯೊಳಗೆ ಕರೆದುಕೊಂಡದ್ದಕ್ಕೆ ನಾನು ಆ ಸಿಸ್ಟರಿಗೆ ಬದುಕಿರುವಷ್ಟು ದಿನ ಋಣಿ. ಮನೆಗೆ ಬಂದ ಮೇಲೆ ಹೆದರದೆ ಕೂಸನ್ನು ನೋಡಿಕೊಂಡೆವಲ್ಲ, ಆ ವಿದ್ಯೆ ಅಲ್ಲಿ ಕಲಿತದ್ದು. ಗರ್ಭದ ಲೆಕ್ಕದಲ್ಲಿ ಮೂವತ್ನಾಲ್ಕು ವಾರ ತುಂಬುವ ಹೊತ್ತಿಗೆ ಟ್ಯೂಬ್ ತೆಗೆದು ಒಳಲೆಯಲ್ಲಿ ಹಾಲು ಕುಡಿಸಲು ಕಲಿಸಿದರು. ನನ್ನ ಅತ್ತೆ ಮನೆಯಲ್ಲಿ ಮಾಡುತ್ತಿದ್ದುದೇ ಅದು. ಇಲ್ಲಿ ಕುದಿಸಿ, ಅಳೆದು, ಗುಟುಕು ನುಂಗಿದ್ದನ್ನು ನೋಡಿ ಮುಂದಿನ ಗುಟುಕು.

ಕಣ್ಣಿನ ಪರೀಕ್ಷೆ ಇರಬಹುದೆಂದು ನಮಗೆ ಹೊಳೆದೇ ಇರಲಿಲ್ಲ. ಅವಧಿಗೆ ಮೊದಲು ಹುಟ್ಟಿದ ಮಕ್ಕಳ ಕಣ್ಣಿನ ಹಿಂಪರದೆಯ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಕುರುಡಾಗುವ ಅಪಾಯ ಇದೆ. ಮೂವತ್ತು ದಿನದೊಳಗೆ ನೋಡಿಸಿದರೆ, ಬೇಕಾದಲ್ಲಿ ಲೇಸರ್ ಮಾಡಿದರೆ ತಡೆಯಬಹುದು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರುಮಾಡಿದ ಕಿಡ್‌ರಾಪ್ ಯೋಜನೆಯಲ್ಲಿ ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆ ಜಿಲ್ಲೆ ಸುತ್ತುತ್ತಾರೆ. ಚಿತ್ರಗಳನ್ನು ದೂರದ ಕಣ್ಣಿನ ವೈದ್ಯರು ನೋಡಿ ಹೇಳುತ್ತಾರೆ. ನಮ್ಮ ಕೂಸಿನ ಡಿಸ್ಚಾರ್ಜ್ ಕಾರ್ಡಿನಲ್ಲಿ ಕಣ್ಣಿನ ತಪಾಸಣೆಯ ತಾರೀಖಿಗೆ ಸಿಸ್ಟರ್ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದರು. ಹಿಂದಿನ ದಿನ ತಾವೇ ಫೋನ್ ಮಾಡಿ ನೆನಪಿಸಿದರು. ಕಣ್ಣು ಚೆನ್ನಾಗಿವೆ.

ಈ ಸಿಸ್ಟರುಗಳಲ್ಲಿ ಹೆಚ್ಚಿನವರು ಗುತ್ತಿಗೆಯವರು ಎಂದು ಗೊತ್ತಾದದ್ದು ಕೊನೆಯ ವಾರದಲ್ಲಿ. ಕಾಯಂ ಅಲ್ಲ, ವರ್ಷಕ್ಕೊಮ್ಮೆ ಕರಾರು. ಇಷ್ಟು ನಾಜೂಕಿನ ವಿದ್ಯೆಯನ್ನು ಕೈಯಲ್ಲಿ ಇಟ್ಟುಕೊಂಡವರು ಮುಂದಿನ ವರ್ಷ ಎಲ್ಲಿರುತ್ತೇವೋ ಎಂದು ಯೋಚಿಸಬೇಕಾದದ್ದು ನನಗೆ ಸಹಿಸಲಾಗುತ್ತಿಲ್ಲ. ಕೆಟ್ಟದ್ದಾದರೆ ನಾವು ಮೊಬೈಲ್ ಎತ್ತಿ ಹಿಡಿದು ವಿಡಿಯೊ ಮಾಡುತ್ತೇವೆ, ವಾರ್ಡಿನ ಬಾಗಿಲು ಬಡಿಯುತ್ತೇವೆ. ಒಳ್ಳೆಯದಾದಾಗ ಪೇಢೆ ಹಂಚಿ ಹೊರಟುಬಿಡುತ್ತೇವೆ. ಪೇಢೆ ನಾವೂ ಹಂಚಿದೆವು. ಜೊತೆಗೆ ನಾನು ಆಸ್ಪತ್ರೆಯ ಮೇಲ್ವಿಚಾರಕರಿಗೂ ಜಿಲ್ಲಾ ಆರೋಗ್ಯಾಧಿಕಾರಿಗೂ ಒಂದೊಂದು ಪತ್ರ ಕೊಟ್ಟು ಪ್ರತಿಗೆ ಸೀಲು ಹಾಕಿಸಿಕೊಂಡೆ. ಯಾವ ಪಾಳಿಯಲ್ಲಿ ಯಾರು ಏನು ಮಾಡಿದರು ಎಂದು ಹೆಸರು ಸಮೇತ ಬರೆದೆ, ಬಾಗಿಲಲ್ಲಿ ಕೈ ತೊಳೆಸುವವಳದ್ದು ಮೊದಲ ಹೆಸರು. ಕೊನೆಯಲ್ಲಿ ಮೂರು ಬೇಡಿಕೆ: ಇವರ ಕರಾರನ್ನು ಕಾಯಂ ಮಾಡಲು ಶಿಫಾರಸು, ರಾತ್ರಿ ಪಾಳಿಗೆ ಇನ್ನೊಬ್ಬ ಸಿಸ್ಟರ್, ಕೆಎಂಸಿ ಕೋಣೆಗೆ ಹಿಂದಕ್ಕೆ ಒರಗುವ ಕುರ್ಚಿಗಳು. ಕುರ್ಚಿಗಳು ಬಂದಿವೆಯಂತೆ. ಉಳಿದ ಎರಡಕ್ಕೆ ಮುಂದಿನ ತಿಂಗಳು ಮತ್ತೆ ಹೋಗುವವಳಿದ್ದೇನೆ. ಅಂದೇ ಮೊಮ್ಮಗಳ ತೂಕ ನೋಡಿಸುವ ದಿನವೂ ಹೌದು.