ಹೊಲದ ಸಾಲು, ಟಿ.ವಿ. ಚಿತ್ರ

ಅಕ್ಕಂದಿರೇ, ನಾವೆಲ್ಲ ಟಿ.ವಿ. ನೋಡ್ತೇವೆ. ದೂರದ ಚಿತ್ರ ನಮ್ಮ ಮನೆಯೊಳಗೆ ಬರೋದು ಹೇಗೆ? ಈ ದಾರಿ ಹುಡುಕಿದವರಲ್ಲಿ ಒಬ್ಬ ರೈತರ ಮನೆಯ ಹುಡುಗ. ಹೆಸರು ಫೈಲೊ ಫಾರ್ನ್ಸ್‌ವರ್ತ್. ಓದಲು ಕಷ್ಟದ ಹೆಸರು. ನಾವು ಫೈಲೊ ಎಂದೇ ಕರೆಯೋಣ.

ಫೈಲೊ ಹುಟ್ಟಿದ್ದು 1906ರಲ್ಲಿ, ಅಮೆರಿಕ ದೇಶದ ಯೂಟಾ ರಾಜ್ಯದಲ್ಲಿ. ಮುಂದೆ ಮನೆಯವರು ಐಡಹೊ ರಾಜ್ಯದ ರಿಗ್ಬಿ ಊರಿನ ಹತ್ತಿರ ಬೇಸಾಯಕ್ಕೆ ಹೋದರು. ಆ ಮನೆಯ ಅಟ್ಟದ ಮೇಲೆ ಹಳೆಯ ವಿಜ್ಞಾನ ಪತ್ರಿಕೆಗಳು ಸಿಕ್ಕವು. ಹುಡುಗ ಬಿಡದೆ ಓದಿದ.

ತೂತಿನ ಚಕ್ರ ತಿರುಗಿಸಿ ಚಿತ್ರ ಕಳಿಸಬಹುದು ಎಂದು ಆಗ ಕೆಲವರು ನಂಬಿದ್ದರು. ಚಕ್ರದ ವೇಗ ಸಾಲದು ಅಂತ ಫೈಲೊಗೆ ಅನ್ನಿಸಿತು. ಆಗ ಅವನಿಗೆ 14 ವರ್ಷ. ಒಂದು ದಿನ ಕುದುರೆ ಕಟ್ಟಿ ಆಲೂಗೆಡ್ಡೆ ಹೊಲ ಉಳುತ್ತಿದ್ದ. ತಿರುಗಿ ನೋಡಿದ. ಸಾಲಿನ ಪಕ್ಕ ಸಾಲು! ಚಿತ್ರವನ್ನೂ ಹೀಗೇ ಸಾಲು ಸಾಲಾಗಿ ಬಿಡಿಸಿದರೆ ಹೇಗೆ?

ನಾವು ಪುಟ ಓದೋದೂ ಹಾಗೇ ಅಲ್ಲವೇ? ಒಂದು ಸಾಲು ಮುಗಿಸಿ ಕೆಳಗಿನ ಸಾಲಿಗೆ ಬರ್ತೇವೆ. ಫೈಲೊ ಯೋಚನೆಯಲ್ಲಿ ಚಿತ್ರವನ್ನು ಹೀಗೆ ಓದುವುದು ಎಲೆಕ್ಟ್ರಾನುಗಳು. ಇವು ಕಣ್ಣಿಗೆ ಕಾಣದ ಕಣಗಳು. ಕರೆಂಟು ಎಂದರೆ ಇವುಗಳ ಹರಿವು. ಇವುಗಳ ವೇಗದ ಮುಂದೆ ಚಕ್ರ ಏನೇನೂ ಅಲ್ಲ.

1922ರಲ್ಲಿ ಫೈಲೊ ಇದನ್ನು ಶಾಲೆಯ ಮೇಷ್ಟ್ರು ಟೋಲ್ಮನ್ ಅವರಿಗೆ ಚಿತ್ರ ಬರೆದು ತೋರಿಸಿದ. ಮೇಷ್ಟ್ರು ಆ ಹಾಳೆಯನ್ನು ಎತ್ತಿಟ್ಟುಕೊಂಡರು.

1924ರಲ್ಲಿ ತಂದೆ ತೀರಿಕೊಂಡರು. ಮನೆಯ ಭಾರ ಹುಡುಗನ ಮೇಲೆ ಬಿತ್ತು. 1926ರಲ್ಲಿ ಪೆಮ್ ಜೊತೆ ಮದುವೆಯಾಯಿತು. ಪೆಮ್ ಬರೀ ಅಡುಗೆ ಮಾಡಿಕೊಂಡು ಕೂರಲಿಲ್ಲ. ಯಂತ್ರದ ನಕ್ಷೆ ಬರೆದರು. ಬೆಸುಗೆ ಹಾಕೋದು ಕಲಿತರು. ಆಕೆಯ ಸಹೋದರ ಕ್ಲಿಫ್ ಗಾಜಿನ ಕೊಳವೆ ಮಾಡಿದರು.

1927ರ ಸೆಪ್ಟೆಂಬರ್ 7. ಸ್ಯಾನ್‌ಫ್ರಾನ್ಸಿಸ್ಕೊ ಪಟ್ಟಣ. ಒಂದು ಕೋಣೆಯಲ್ಲಿ ಕ್ಲಿಫ್ ಯಂತ್ರದ ಮುಂದೆ ಗಾಜು ಹಿಡಿದರು. ಅದರ ಮೇಲೆ ಇದ್ದದ್ದು ಒಂದೇ ಒಂದು ಗೆರೆ. ಇನ್ನೊಂದು ಕೋಣೆಯ ಪರದೆ ಮೇಲೆ ಅದೇ ಗೆರೆ ಮೂಡಿತು! ಕ್ಲಿಫ್ ಗಾಜು ತಿರುಗಿಸಿದರೆ ಗೆರೆಯೂ ತಿರುಗಿತು. 1929ರಲ್ಲಿ ಪೆಮ್ ಅವರ ಮುಖವೇ ಪರದೆ ಮೇಲೆ ಬಂತು. ದೀಪದ ಬೆಳಕು ತಾಳದೆ ಆಕೆ ಕಣ್ಣು ಮುಚ್ಚಿದ್ದರಂತೆ.

ಆಮೇಲೆ ಬಂತು ಜಗಳ. ಆರ್‌ಸಿಎ ಎಂಬ ದೊಡ್ಡ ಕಂಪನಿ, ಈ ಉಪಾಯ ನಮ್ಮದು ಎಂದಿತು. ತಕರಾರು ಪೇಟೆಂಟ್ ಕಚೇರಿಗೆ ಹೋಯಿತು. ಪೇಟೆಂಟ್ ಎಂದರೆ ಕಂಡುಹಿಡಿದವರಿಗೆ ಸರ್ಕಾರ ಕೊಡುವ ಹಕ್ಕುಪತ್ರ. ಹೊಲಕ್ಕೆ ಪಹಣಿ ಇದ್ದ ಹಾಗೆ ಅನ್ನಿ. ಫೈಲೊ 1927ರ ಜನವರಿ 7ರಂದೇ ಅರ್ಜಿ ಹಾಕಿದ್ದರು. ಟೋಲ್ಮನ್ ಮೇಷ್ಟ್ರು ಬಂದು ಸಾಕ್ಷಿ ಹೇಳಿದರು. ಕಚೇರಿ ಎರಡೂ ಕಡೆಯ ಕಾಗದ ಓದಿ ನೋಡಿತು. ಫೈಲೊ ಗೆದ್ದರು. 1939ರಲ್ಲಿ ಕಂಪನಿ 10 ಲಕ್ಷ ಡಾಲರ್ ಕೊಡಲು ಒಪ್ಪಿತು.

ಆದರೆ ಸುಖ ಬಹಳ ದಿನ ಇರಲಿಲ್ಲ. ಯುದ್ಧ ಬಂದು ಟಿ.ವಿ. ತಯಾರಿ ನಿಂತಿತು. 1947ರಲ್ಲಿ ಮುಖ್ಯ ಪೇಟೆಂಟಿನ ಅವಧಿಯೇ ಮುಗಿಯಿತು. ಟಿ.ವಿ. ಮನೆಮನೆಗೆ ಹೋಯಿತು, ಫೈಲೊ ಹೆಸರು ಹೋಗಲಿಲ್ಲ. 1971ರಲ್ಲಿ ಅವರು ತೀರಿಕೊಂಡರು.

ಪೆಮ್ ಸುಮ್ಮನಿರಲಿಲ್ಲ. ಗಂಡನ ಕೆಲಸವನ್ನು ಜನರಿಗೆ ಹೇಳುತ್ತಲೇ ಬಂದರು. 1983ರಲ್ಲಿ ಅಮೆರಿಕದಲ್ಲಿ ಫೈಲೊ ಚಿತ್ರದ ಅಂಚೆ ಚೀಟಿ ಬಂತು. 1990ರಲ್ಲಿ ಪೆಮ್ ಬರೆದ ಪುಸ್ತಕ ಅಚ್ಚಾಯಿತು. ಆಗ ಆಕೆಗೆ 82 ವರ್ಷ.