ಮೂರು ಊರು, ಮೊದಲಕ್ಷರ ಒಂದೇ



ಮಂಡ್ಯ, ಮದ್ದೂರು, ಮಳವಳ್ಳಿ. ಈ ಮೂರು ಊರಿಗೂ ಮೊದಲ ಅಕ್ಷರ ‘ಮ’. ಇದರಿಂದ ನಮ್ಮ ಮನೆಯಲ್ಲಿ ಒಂದು ಪಜೀತಿ ಆಯಿತು.

ಕಣ್ಣು ತೋರಿಸಲು ನಮ್ಮಜ್ಜಿ ಮಂಡ್ಯಕ್ಕೆ ಹೊರಟರು. ಜೊತೆಗೆ ಮೂರನೇ ತರಗತಿ ಓದುವ ನನ್ನ ತಮ್ಮ. ಅಜ್ಜಿಗೆ ಓದು ಬರಲ್ಲ. ಕೆ.ಎಂ.ದೊಡ್ಡಿಯಲ್ಲಿ ಬಸ್ಸು ಬಂದಾಗ, “ನೋಡ್ಲಾ ಮಗ, ಯಾವೂರ್ದು?” ಅಂದರು. ತಮ್ಮ ಬೋರ್ಡಿನಲ್ಲಿ ‘ಮ’ ನೋಡಿ “ಮಂಡ್ಯ” ಅಂದುಬಿಟ್ಟ. ಅದು ಮಳವಳ್ಳಿ ಬಸ್ಸು! ಕಂಡಕ್ಟರ್ ಹೇಳಿದ ಮೇಲೆ ಇಳಿದು, ವಾಪಸ್ ಬಂದು, ಮಂಡ್ಯ ಸೇರುವ ಹೊತ್ತಿಗೆ ಆಸ್ಪತ್ರೆಯಲ್ಲಿ ಚೀಟಿ ಕೊಡುವುದು ಮುಗಿದಿತ್ತು. ಮನೆಯವರೆಲ್ಲಾ ತಮ್ಮನಿಗೆ “ದಡ್ಡ” ಅಂದರು. ನಾನೂ ಅಂದೆ.

ಆದರೆ ಅವನು ಕಾಗುಣಿತವನ್ನು ಹಾಡಿನ ಥರ ಹೇಳ್ತಾನೆ. ಮತ್ತೆ ಓದು ಯಾಕೆ ಬರಲ್ಲ? ನಮ್ಮ ಕನ್ನಡ ಮೇಷ್ಟ್ರನ್ನು ಕೇಳಿದೆ. “‘ಕೀ’ ಒಂದನ್ನೇ ಬರೆದು ತೋರಿಸು” ಅಂದರು. ತೋರಿಸಿದೆ. ತಮ್ಮ “ಕ, ಕಾ, ಕಿ” ಅಂತ ಮೊದಲಿನಿಂದ ಹೇಳಿಕೊಂಡು ಬಂದು ಆಮೇಲೆ “ಕೀ” ಅಂದ! ಬಾಯಿಗೆ ಬಂದಿತ್ತು, ಕಣ್ಣಿಗೆ ಗುರುತು ಸಿಕ್ಕಿರಲಿಲ್ಲ.

ಕನ್ನಡ ಓದಲು ಸಮಯ ಯಾಕೆ ಬೇಕು?

ಇಂಗ್ಲಿಷಿನಲ್ಲಿ 26 ಅಕ್ಷರ. ಕನ್ನಡದಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49. ಇಷ್ಟೇ ಅಲ್ಲ. 34 ವ್ಯಂಜನಕ್ಕೆ 13 ಸ್ವರ ಸೇರಿದರೆ 442 ರೂಪ! ಒತ್ತಕ್ಷರ ಬೇರೆ. ‘ಮದ್ದೂರು’ ಪದದ ‘ದ್ದೂ’ ನೋಡಿ. ದ, ಅದರ ಕೆಳಗೆ ದ ಒತ್ತು, ಪಕ್ಕದಲ್ಲಿ ಊಕಾರದ ಕೊಂಬು. ಒಂದೇ ಅಕ್ಷರದಲ್ಲಿ ಮೂರು ಗುರುತು.

ಸೋನಾಲಿ ನಾಗ್ ಎಂಬ ಸಂಶೋಧಕಿ ಕನ್ನಡ ಮಕ್ಕಳ ಓದಿನ ಬಗ್ಗೆ ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ್ದಾರೆ. ಕನ್ನಡದ ಅಕ್ಷರಗಳೆಲ್ಲಾ ಒಂದೆರಡು ವರ್ಷದಲ್ಲಿ ಬರುವುದಿಲ್ಲ, ನಾಲ್ಕನೇ ತರಗತಿವರೆಗೂ ಕಲಿಯುತ್ತಲೇ ಇರಬೇಕು ಎಂದು ಅದರಿಂದ ತಿಳಿಯಿತು. ಯಾದಗಿರಿ ಜಿಲ್ಲೆಯಲ್ಲಿ ಸಂಶೋಧಕರು ಅದೇ ಮಕ್ಕಳನ್ನು ಮೂರು ವರ್ಷ ಗಮನಿಸಿದರು. ಅಕ್ಷರ ಹೇಳಿಸುವುದು, ನೋಡಿ ಬರೆಸುವುದು ಹೆಚ್ಚು, ಅರ್ಥ ಮಾಡಿಕೊಂಡು ಓದುವುದು ಕಡಿಮೆ ಎಂದು ಅವರು ಕಂಡರು.

ನಲಿ-ಕಲಿ 1995ರಲ್ಲಿ ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಯಿತು. ಒಂದನೇ ತರಗತಿಯಲ್ಲಿ ನಾವು ಅ ಆ ಇ ಈ ಬದಲು ‘ರ ಗ ಸ ದ ಅ’ ಕಲಿತದ್ದು ನೆನಪಿದೆಯಾ? ಐದೇ ಅಕ್ಷರಕ್ಕೆ ಸರ, ರಸ, ಅರಸ, ಅಗಸ, ಗರಗಸ ಎಲ್ಲಾ ಓದಬಹುದು. ಅಕ್ಷರ ಕಲಿತ ವಾರವೇ ಪದ, ಪದಕ್ಕೆ ಅರ್ಥ. ಗುಟ್ಟು ಇದೇ.

ನಾನು ಮಾಡಿದ್ದು

ಹಳೇ ಕ್ಯಾಲೆಂಡರ್ ಕತ್ತರಿಸಿ ಚೀಟಿ ಮಾಡಿದೆ. ಮದ, ಮದ್ದು, ಮದ್ದೂರು ಅಂತ ಒಂದೊಂದೇ ಗುರುತು ಸೇರಿಸುತ್ತಾ ಬರೆದೆ. ಹಾಗೆಯೇ ಹಳ್ಳಿ, ವಳ್ಳಿ, ಮಳವಳ್ಳಿ. ಚೀಟಿ ಕಲಸಿ ಓದಿಸಿದೆ. ದಿನಾ ಹತ್ತು ನಿಮಿಷ, ಹೊಡೆಯದೆ, ನಗದೆ. ಮೊದಲ ವಾರ ತಪ್ಪೇ ಜಾಸ್ತಿ. ಎರಡು ತಿಂಗಳಾದ ಮೇಲೆ ಈಗ ಬಸ್ಸಿನ ಬೋರ್ಡನ್ನು ಕೊನೆ ಅಕ್ಷರದವರೆಗೂ ಓದ್ತಾನೆ. ‘ಮಂಡ್ಯ’ದ ಯ ಒತ್ತು ಮಾತ್ರ ಇನ್ನೂ ಸ್ವಲ್ಪ ತಡವರಿಸ್ತಾನೆ.

2011ರ ಜನಗಣತಿ ಪ್ರಕಾರ ನಮ್ಮ ಜಿಲ್ಲೆಯಲ್ಲಿ 7 ವರ್ಷ ಮೇಲ್ಪಟ್ಟ 100 ಜನರಲ್ಲಿ ಸುಮಾರು 70 ಜನರಿಗೆ ಓದು ಬರಹ ಬರುತ್ತಿತ್ತು. ನಮ್ಮಜ್ಜಿ ಉಳಿದ 30ರಲ್ಲಿ ಒಬ್ಬರು. ಚೀಟಿ ಆಟದಲ್ಲಿ ಪಕ್ಕ ಕೂತು ಅವರೂ ‘ಮ’ ಗುರುತು ಹಿಡಿದಿದ್ದಾರೆ. “ಇದೊಂದು ಸಾಲಾಕಿಲ್ಲ ಕಣ್ಲಾ, ಮುಂದಿಂದೂ ಹೇಳ್ಕೊಡು” ಅಂತಾರೆ.

ಮಾಡಿ ನೋಡಿ: ನಿಮ್ಮ ಮನೆಯ ಚಿಕ್ಕವರಿಗೆ ಒಂದು ಗುಣಿತಾಕ್ಷರ ಒಂಟಿಯಾಗಿ ತೋರಿಸಿ. ಮೊದಲಿನಿಂದ ಹಾಡಿಕೊಂಡು ಬಂದರೆ “ದಡ್ಡ” ಅನ್ನಬೇಡಿ. ಚೀಟಿ ಮಾಡಿ.

– 7ನೇ ತರಗತಿ ವಿದ್ಯಾರ್ಥಿನಿ